ಹಾಜರಿ ತಪ್ಪಿದ ಷಷ್ಠಿ

ಕೊಡೆ ಕಾರ್ಖಾನೆಯ ಹಾಜರಿಯಣ್ಣನಿಗೆ ಪಂಚಾಂಗ ಗೊತ್ತಿದೆ ಎಂದು ಮೊದಲು ಹೇಳಿದವರು ಯಾರು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ತಾನಂತೂ ಹೇಳಿಲ್ಲ ಎಂದು ಅವನು ಆಣೆ ಮಾಡುತ್ತಾನೆ. ಆದರೆ ಗೊತ್ತಿಲ್ಲ ಎಂದೂ ಅವನು ಯಾವತ್ತೂ ಹೇಳಿದವನಲ್ಲ.

ಅವನ ಕೆಲಸ ಇಷ್ಟು: ಬೆಳಿಗ್ಗೆ ಎಂಟಕ್ಕೆ ಗಂಟೆ ಬಾರಿಸುವುದು, ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಬಂದವರ ಹಾಜರಿ ಹಾಕುವುದು, ಆಮೇಲೆ ಯಜಮಾನರ ಕೋಣೆಗೆ ಹೋಗಿ ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿದು ಇವತ್ತಿನದನ್ನು ಗಟ್ಟಿಯಾಗಿ ಓದುವುದು. ತಿಥಿ, ವಾರ, ನಕ್ಷತ್ರ, ಯೋಗ, ಕರಣ, ಐದನ್ನೂ ಅವನು ಓದುತ್ತಿದ್ದ. ಐದರಲ್ಲಿ ಅವನಿಗೆ ಅರ್ಥವಾಗುತ್ತಿದ್ದದ್ದು ವಾರ ಒಂದೇ. ಉಳಿದ ನಾಲ್ಕನ್ನು ಗಂಟಲಿನಿಂದಲೇ ನಿಭಾಯಿಸುತ್ತಿದ್ದ. ಗಂಟಲು ಚೆನ್ನಾಗಿತ್ತು. ಹೊಲಿಗೆ ಯಂತ್ರಗಳ ಸದ್ದನ್ನು ಸೀಳಿಕೊಂಡು ಆ ದನಿ ಹೊರಗೆ ಬಂದರೆ, ಚಂದ್ರ ಇವನ ಮಾತು ಕೇಳಿಯೇ ಮನೆ ಬದಲಾಯಿಸುತ್ತಾನೆ ಅನ್ನಿಸುತ್ತಿತ್ತು.

ಬೀದಿಯವರು ಅವನನ್ನು ಹೊಸ ಪೊರಕೆ ಯಾವಾಗ ತರಲಿ, ಕನ್ನಡಕ ಯಾವಾಗ ಬದಲಾಯಿಸಲಿ ಎಂದು ಕೇಳತೊಡಗಿದರು. ಹಾಜರಿಯಣ್ಣ ಆಕಾಶ ನೋಡಿ, "ಕರಣ ಸರಿ ಇಲ್ಲ. ನಾಳೆ ಹನ್ನೊಂದರ ಮೇಲೆ," ಎನ್ನುತ್ತಿದ್ದ. ಎದುರುಮನೆಯ ಕ್ಷೌರಿಕ ಅವನ ಮಾತು ನಂಬಿ ಹುಳುಕು ಹಲ್ಲು ಕೀಳಿಸುವುದನ್ನು ಮೂರು ದಿನ ಮುಂದೂಡಿದ. ಮೂರನೆಯ ದಿನ ಹಲ್ಲು ತಾನಾಗಿಯೇ ಉದುರಿತು. ಅಲ್ಲಿಂದ ಮುಂದೆ ಹಾಜರಿಯಣ್ಣನ ಕೀರ್ತಿಯನ್ನು ಹಿಡಿಯುವವರೇ ಇರಲಿಲ್ಲ.

ಇಷ್ಟೆಲ್ಲ ಇದ್ದರೂ ಅವನ ಸ್ವಂತ ಗ್ರಹಗತಿ ಮಾತ್ರ ಹನ್ನೊಂದು ವರ್ಷದಿಂದ ಇದ್ದಲ್ಲೇ ಇತ್ತು. ಕಾರ್ಖಾನೆಯಲ್ಲಿ ಎರಡು ಬಗೆಯ ಹಾಜರಿ. ಕೆಂಪು ರಟ್ಟಿನ ದಪ್ಪ ಪುಸ್ತಕ ಕಾಯಂ ನೌಕರರದು. ಅದರಲ್ಲಿ ಮೂರು ಹೆಸರಿದ್ದವು: ಯಜಮಾನರ ಬಾಮೈದ, ಬಾಮೈದನ ಷಡ್ಡಕ, ಮತ್ತು ತೀರಿಹೋಗಿ ಎರಡು ವರ್ಷವಾಗಿದ್ದ ಕಾವಲುಗಾರ. ಕೊಡೆಗೆ ಕಡ್ಡಿ ಜೋಡಿಸುವವರು, ಬಟ್ಟೆ ಹೊಲಿಯುವವರು, ಹಿಡಿ ಕೂರಿಸುವವರು, ಅವರ ಹಾಜರಿ ಹಾಕುವವನು, ಒಟ್ಟು ನಲವತ್ತೆರಡು ಜನ, ಬಿಡಿ ಹಾಳೆಗಳಲ್ಲಿದ್ದರು. ಆ ಹಾಳೆಗಳನ್ನು ಮೂರು ತಿಂಗಳಿಗೊಮ್ಮೆ ರದ್ದಿಗೆ ಹಾಕಲಾಗುತ್ತಿತ್ತು. ನಾಲ್ಕನೆಯ ತಿಂಗಳ ಮೊದಲ ದಿನ ಅದೇ ಜನ ಅದೇ ಯಂತ್ರದ ಮುಂದೆ ಹೊಸಬರಾಗಿ ಹುಟ್ಟುತ್ತಿದ್ದರು. ಹೊಲಿಗೆಯ ದೊಡ್ಡಕ್ಕ ಹದಿನಾರು ವರ್ಷದಲ್ಲಿ ಹೀಗೆ ಅರವತ್ತನಾಲ್ಕು ಸಲ ಹುಟ್ಟಿದ್ದಳು. ಯಾರಾದರೂ ಕೇಳಿದರೆ ಯಜಮಾನರು, "ಇವರು ಕಾರ್ಮಿಕರಲ್ಲ, ಸಹಾಯಕ್ಕೆ ಬರೋರು," ಎನ್ನುತ್ತಿದ್ದರು. ಅಳಿಯ ಅಲ್ಲ, ಮಗಳ ಗಂಡ.

ಹಿಂದಿನ ವರ್ಷ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರು ಬಂದು ಮೇಜು ಕುಟ್ಟಿ ಹೋದ ಮೇಲೆ ನಲವತ್ತೆರಡು ಕಾಯಂ ಆದೇಶಗಳೇನೋ ಟೈಪಾಗಿ ಯಜಮಾನರ ಡ್ರಾಯರಿನಲ್ಲಿ ಬಿದ್ದಿದ್ದವು. ಸಹಿಯೊಂದು ಬಾಕಿ. ಕೇಳಲು ಹೋದಾಗಲೆಲ್ಲ ಅಷ್ಟಮಿ. ಅಷ್ಟಮಿ ಅಲ್ಲದಿದ್ದರೆ ನವಮಿ. ಎರಡೂ ಅಲ್ಲದಿದ್ದರೆ ಯಜಮಾನರ ರಾಶಿಗೆ ಚಂದ್ರ ಎಂಟರಲ್ಲಿ. ಯಜಮಾನರ ಪಂಚಾಂಗಕ್ಕೆ ಒಂದು ವಿಶೇಷವಿತ್ತು: ಕೊಡುವ ಮಾತು ಬಂದಾಗ ಮಾತ್ರ ಅದು ತೆರೆದುಕೊಳ್ಳುತ್ತಿತ್ತು. ತೆಗೆದುಕೊಳ್ಳುವುದಕ್ಕೆ ವರ್ಷವಿಡೀ ಅಮೃತ ಗಳಿಗೆ.

ಒಂದು ಸೋಮವಾರ ದೊಡ್ಡಕ್ಕ ಎಲ್ಲರನ್ನೂ ಕರೆದುಕೊಂಡು ಯಜಮಾನರ ಕೋಣೆಗೆ ನುಗ್ಗಿದಳು.

"ಯಜಮಾನ್ರೇ, ಒಳ್ಳೆ ದಿನ ಯಾವ್ದು ಅಂತ ನೀವೇ ಹೇಳಿಬಿಡಿ. ನಾವು ಕಾಯ್ತೀವಿ. ಕಾಯೋದ್ರಲ್ಲಂತೂ ನಾವು ಎಂದೋ ಕಾಯಂ ಆಗಿದ್ದೀವಿ."

"ನಾನ್ಯಾಕಮ್ಮ ಹೇಳ್ಲಿ? ನಿಮ್ಮಲ್ಲೇ ಇದ್ದಾನಲ್ಲ ಪಂಡಿತ," ಎಂದರು ಯಜಮಾನರು, ಮೀಸೆಯಡಿಯಲ್ಲಿ ನಗುತ್ತ. "ಏನಯ್ಯಾ ಹಾಜರಿ, ಹೇಳು."

ನಲವತ್ತೊಂದು ಜೊತೆ ಕಣ್ಣುಗಳು ಹಾಜರಿಯಣ್ಣನ ಕಡೆ ತಿರುಗಿದವು. ಅವನು ಕಣ್ಣು ಅರೆಮುಚ್ಚಿ, ಹೆಬ್ಬೆರಳನ್ನು ಬೆರಳುಗಳ ಗೆಣ್ಣಿನ ಮೇಲೆ ಓಡಿಸಿದ. "ಇವತ್ತು ಬಿದಿಗೆ. ತದಿಗೆ, ಚೌತಿ, ಪಂಚಮಿ... ಶುಕ್ರವಾರ ಷಷ್ಠಿ! ದಿವ್ಯವಾಗಿದೆ." ನಾಲ್ಕು ಹಾಳೆ ಎತ್ತಿ ನೋಡಿದ್ದರೆ ಮುಗಿಯುತ್ತಿತ್ತು. ಕ್ಯಾಲೆಂಡರು ಅವನ ಮೂಗಿನ ಮುಂದೆಯೇ ತೂಗುತ್ತಿತ್ತು. ಆದರೆ ಪಂಡಿತರಾದವರು ಹಾಳೆ ಎತ್ತಿ ನೋಡುತ್ತಾರೆಯೇ?

"ಆಗ್ಲಿ. ಷಷ್ಠಿ ದಿನ ಸಹಿ," ಎಂದರು ಯಜಮಾನರು. "ಷಷ್ಠಿ ತಪ್ತೋ, ಮುಂದೆ ಅಷ್ಟಮಿ, ನವಮಿ. ಆಮೇಲೆ ಕೃಷ್ಣಪಕ್ಷ, ಕರಗೋ ಚಂದ್ರನ ಕೆಳಗೆ ನಾನು ಪೆನ್ನು ಮುಟ್ಟಲ್ಲ. ಅದಾದ್ಮೇಲೆ ಅಧಿಕ ಮಾಸ, ಒಂದು ತಿಂಗಳು ಹೊಸದೇನೂ ಮಾಡಂಗಿಲ್ಲ. ಆಮೇಲೆ ನೋಡೋಣ."

"ಆಮೇಲೆ ನೋಡೋಣ" ಎಂಬ ತಿಥಿ ಯಾವ ಕ್ಯಾಲೆಂಡರಿನಲ್ಲೂ ಇಲ್ಲ ಎಂದು ದೊಡ್ಡಕ್ಕನಿಗೆ ಗೊತ್ತಿತ್ತು. ಅಲ್ಲೇ ಒಂದು ಕಾಗದದಲ್ಲಿ "ಷಷ್ಠಿಯ ದಿನ ನಲವತ್ತೆರಡು ಆದೇಶಗಳಿಗೂ ಸಹಿ ಹಾಕಲಾಗುವುದು" ಎಂದು ಬರೆಸಿ, ಅದರ ಕೆಳಗೆ ಯಜಮಾನರ ಕೈಯಲ್ಲಿ ಗೀಚಿಸಿ, ನೋಟೀಸು ಬೋರ್ಡಿಗೆ ಹಚ್ಚಿಯೇ ಯಂತ್ರಕ್ಕೆ ಮರಳಿದಳು.

ಹಾಜರಿಯಣ್ಣ ಮನೆಗೆ ನಡೆದುಹೋಗಲಿಲ್ಲ, ತೇಲಿಹೋದ. ಅವನ ಎದೆಯಲ್ಲಿ ಒಂದು ಮುಳ್ಳಿತ್ತು. ಮುಳ್ಳಿನ ಹೆಸರು ಬಾಮೈದ. ಹೆಂಡತಿಯ ತಮ್ಮ ನೀರಿನ ಮೀಟರು ಓದುವವನು, ಆರು ವರ್ಷದಿಂದ ಕಾಯಂ. ಯಾರ ಮುಂದೆ ಪರಿಚಯ ಮಾಡಿಸಿದರೂ ಬಾಯ್ತುಂಬ, "ಇವ್ರು ನಮ್ಮ ಟೆಂಪರರಿ ಭಾವ," ಎನ್ನುತ್ತಿದ್ದ.

"ಶುಕ್ರವಾರ ಸಂಜೆ ಬಾರೋ. ನಿಮ್ಮ ಭಾವ ಕಾಯಂ ಆಗ್ತಾರೆ," ಎಂದು ಅಕ್ಕ ಹೇಳಿದಾಗ ಅವನು, "ಆಗ್ಲಿ ಅಕ್ಕ, ಅಲ್ಲೀವರೆಗೆ ಟೆಂಪರರಿಯಾಗಿ ಖುಷಿಪಡ್ತೀನಿ," ಎಂದ.

ಗುರುವಾರ ಬೆಳಿಗ್ಗೆ ಹಾಜರಿಯಣ್ಣ ಹಾಳೆ ಹರಿದು, ಎಂದಿಗಿಂತ ಒಂದು ಸ್ಥಾಯಿ ಮೇಲಿನ ಸ್ವರದಲ್ಲಿ, "ತಿಥಿ ಪಂಚಮಿ, ವಾರ ಗುರು..." ಎಂದು ಓದಿದ. ಯಜಮಾನರು ಎದ್ದು ಬಂದರು. ನಾಳೆಯ ಸಹಿಗೆ ಯಾವ ನಕ್ಷತ್ರ ಒದಗಿಬಂದಿದೆ ನೋಡೋಣ ಎಂದು ಮುಂದಿನ ಹಾಳೆಯನ್ನು ಎತ್ತಿದರು. ಅವರ ಹೊಟ್ಟೆ ಮೊದಲು ನಕ್ಕಿತು, ಆಮೇಲೆ ಭುಜ, ಆಮೇಲೆ ಬಾಯಿ.

"ಪಂಡಿತ್ರೇ, ಸ್ವಲ್ಪ ಇದನ್ನ ಓದಿ."

ಶುಕ್ರವಾರದ ಹಾಳೆಯ ಮೇಲೆ ಹೆಬ್ಬೆರಳು ಗಾತ್ರದ ಅಕ್ಷರದಲ್ಲಿತ್ತು: ಸಪ್ತಮಿ.

"ಇವತ್ತು ಪಂಚಮಿ. ನಾಳೆ ಸಪ್ತಮಿ. ಷಷ್ಠಿ ಎಲ್ಲಯ್ಯಾ?" ಯಜಮಾನರು ಕಣ್ಣೊರೆಸಿಕೊಂಡರು. "ನಾನು ಮಾತಿಗೆ ತಪ್ಪೋನಲ್ಲ. ಷಷ್ಠೀನ ಕರ್ಕೊಂಡು ಬಾ, ಆ ಕ್ಷಣಕ್ಕೆ ಸಹಿ ಹಾಕ್ತೀನಿ. ಬರ್ಲಿಲ್ಲ ಅಂದ್ರೆ ಅಧಿಕ ಮಾಸ ಕಳೀಲಿ. ಆಮೇಲೆ ನೋಡೋಣ."

ಸುದ್ದಿ ಹೊಲಿಗೆ ಸಾಲಿಗೆ ತಲುಪಿದಾಗ ಯಂತ್ರಗಳು ಒಂದೊಂದಾಗಿ ನಿಂತವು.

"ಎರಡು ಹಾಳೆ ಒಟ್ಟಿಗೆ ಹರಿದುಬಿಟ್ಯಾ ಅಣ್ಣಾ?" ಎಂದಳು ಕಡ್ಡಿ ಜೋಡಿಸುವವಳು.

"ಇಲ್ಲಮ್ಮಾ, ತಾರೀಕು ನೋಡು. ಹದಿನಾಲ್ಕು, ಹದಿನೈದು. ಸರಿಯಾಗೇ ಇದೆ. ವಾರಾನೂ ಇದೆ. ಷಷ್ಠಿ ಒಂದೇ ಇಲ್ಲ."

"ಅಂಟಿಕೊಂಡಿರಬಹುದು, ಉಗುರು ಹಾಕಿ ನೋಡು." ಉಗುರು ಹಾಕಿ ನೋಡಿದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕಸದ ಬುಟ್ಟಿ ಕವುಚಿದರು. ಬುಟ್ಟಿಯಲ್ಲಿ ತದಿಗೆ ಸಿಕ್ಕಿತು, ಚೌತಿ ಸಿಕ್ಕಿತು, ಯಜಮಾನರ ಬಾಮೈದನವರು ಕಡಲೆಕಾಯಿ ತಿಂದ ಸಿಪ್ಪೆ ಸಿಕ್ಕಿತು. ಷಷ್ಠಿ ಸಿಗಲಿಲ್ಲ.

ಗೇಟಿನಾಚೆ ಸೇರಿದ್ದ ಗುಂಪಿನಲ್ಲಿ ಎದುರುಮನೆಯ ಕ್ಷೌರಿಕನೂ ಇದ್ದ. "ನನ್ನ ಹಲ್ಲು ಉದುರಿಸ್ದೋನು ಷಷ್ಠೀನ ಬಿಡ್ತಾನಾ?" ಎಂದ.

ದೊಡ್ಡಕ್ಕ ಮಾತ್ರ ನಗಲಿಲ್ಲ. ಹಾಜರಿಯಣ್ಣನ ಮುಂದೆ ಬಂದು ನಿಂತು, "ಹದಿನಾರು ವರ್ಷ ಕಣೋ," ಎಂದಳು. "ನಿನ್ನ ಬೆರಳು ನಂಬಿಕೊಂಡು ಕೂತ್ವಿ. ಹೋಗು. ಎಲ್ಲಿ ಕಳ್ಕೊಂಡ್ಯೋ ಅಲ್ಲಿಂದ ಹುಡುಕಿಕೊಂಡು ಬಾ."

ಮಧ್ಯಾಹ್ನ ಒಂದರ ಬಿಡುವಿನ ಗಂಟೆ ಬಾರಿಸಿದವನೇ ಹಾಜರಿಯಣ್ಣ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು, ಕಂಕುಳಲ್ಲಿ ಇಟ್ಟುಕೊಂಡು, ಅದನ್ನು ಅಚ್ಚುಹಾಕಿದ ಮುದ್ರಣಾಲಯಕ್ಕೆ ಓಡಿದ. ನಾಲ್ಕು ಬೀದಿ. ಅಲ್ಲಿ ಯಂತ್ರದ ಗದ್ದಲದ ಹಿಂದೆ, ಕರಡಿನ ರಾಶಿಯ ನಡುವೆ, ತುರುಬಿಗೆ ಕೆಂಪು ಪೆನ್ಸಿಲು ಚುಚ್ಚಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಪಂಚಾಂಗದ ಕರಡು ತಿದ್ದುವವಳು ಅವಳೇ.

"ಷಷ್ಠಿ ಬಿಟ್ಟಿದ್ದೀರಿ!" ಎಂದು ಹಾಜರಿಯಣ್ಣ ಕ್ಯಾಲೆಂಡರನ್ನು ಮೇಜಿನ ಮೇಲೆ ಬಡಿದ. "ನಲವತ್ತೆರಡು ಸಂಸಾರ ಮುಳುಗಿಸಿದ್ರಿ! ಈಗಿಂದೀಗ ಒಂದು ಷಷ್ಠಿ ಅಚ್ಚುಹಾಕಿ ಕೊಡಿ!"

ಅವಳು ಗುರುವಾರದ ಹಾಳೆ ನೋಡಿದಳು. "ಕೆಳಗೆ ಸಣ್ಣ ಅಕ್ಷರದಲ್ಲಿ ಇರೋದನ್ನ ಓದಿದ್ರಾ ಅಣ್ಣಾ?"

"ಹನ್ನೊಂದು ವರ್ಷದಿಂದ ಅದನ್ನ ನಿಮ್ಮ ಪ್ರೆಸ್ಸಿನ ವಿಳಾಸ ಅಂದ್ಕೊಂಡಿದ್ದೆ."

"ಹನ್ನೊಂದು ವರ್ಷದಿಂದಾನಾ? ಓದಿ."

ಹಾಜರಿಯಣ್ಣ ಹಾಳೆಯನ್ನು ಮೂಗಿಗೆ ತಂದುಕೊಂಡು, ಜೀವಮಾನದಲ್ಲಿ ಮೊದಲ ಸಲ ಮೆಲ್ಲಗಿನ ದನಿಯಲ್ಲಿ ಪಂಚಾಂಗ ಓದಿದ: "ಪಂಚಮಿ ಬೆಳಿಗ್ಗೆ ಆರು ಐವತ್ತೆಂಟರವರೆಗೆ. ನಂತರ ಷಷ್ಠಿ, ಮರುದಿನ ಬೆಳಗಿನ ಐದು ಹನ್ನೆರಡರವರೆಗೆ. ಷಷ್ಠಿ ಕ್ಷಯ." ಅವನ ಮುಖ ಬಿಳಿಚಿತು. "ಅಯ್ಯೋ! ಷಷ್ಠಿ ಹೋಗೇಬಿಡ್ತಾ?"

"ಎಲ್ಲೂ ಹೋಗಿಲ್ಲ. ತಿಥಿ ಅಂದ್ರೆ ದಿನ ಅಲ್ಲಣ್ಣ. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿಯೋಕೆ ಎಷ್ಟು ಹೊತ್ತು ಬೇಕೋ ಅಷ್ಟು. ಚಂದ್ರ ಒಂದೊಂದ್ಸಲ ಓಡ್ತಾನೆ, ಒಂದೊಂದ್ಸಲ ಕಾಲೆಳೀತಾನೆ. ಅದಕ್ಕೇ ಒಂದು ತಿಥಿ ಇಪ್ಪತ್ತು ಗಂಟೆಗೂ ಮುಗೀಬಹುದು, ಇಪ್ಪತ್ತಾರಕ್ಕೂ ಎಳೀಬಹುದು. ಯಾವ ಹೊತ್ತಲ್ಲಿ ಬೇಕಾದ್ರೂ ಬರುತ್ತೆ, ಯಾವ ಹೊತ್ತಲ್ಲಿ ಬೇಕಾದ್ರೂ ಹೋಗುತ್ತೆ. ಸೂರ್ಯ ಹುಟ್ಟೋ ಕ್ಷಣಕ್ಕೆ ಯಾವ ತಿಥಿ ಇತ್ತೋ, ಆ ದಿನಕ್ಕೆ ಅದರ ಹೆಸರು."

ಹಾಜರಿಯಣ್ಣ ಪಂಡಿತರ ಹಾಗೆ ತಲೆಯಾಡಿಸಿದ. ಏನೂ ಅರ್ಥವಾಗಿಲ್ಲ ಎಂಬುದು ಅದರಿಂದಲೇ ಅವಳಿಗೆ ಗೊತ್ತಾಯಿತು.

"ನೀವೇನು ಕೆಲಸ ಮಾಡೋದು?"

"ಹಾಜರಿ ಹಾಕ್ತೀನಿ."

ಅವಳು ಪೆನ್ಸಿಲು ಕೆಳಗಿಟ್ಟು ನಕ್ಕಳು. "ಹಾಗಾದ್ರೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಸೂರ್ಯ ಹುಟ್ಟೋದೇ ನಿಮ್ಮ ಗಂಟೆ ಅಂದ್ಕೊಳ್ಳಿ. ಇವತ್ತು ಆರು ಇಪ್ಪತ್ನಾಲ್ಕಕ್ಕೆ ಗಂಟೆ ಹೊಡೀತು. ಆಗ ಗೇಟಲ್ಲಿ ನಿಂತಿದ್ದವಳು ಪಂಚಮಿ, ಅವಳಿಗೆ ಹಾಜರಿ ಬಿತ್ತು. ಅರ್ಧ ಗಂಟೇಲಿ ಅವಳು ಮನೆಗೆ ಹೋದ್ಲು. ಆಮೇಲೆ ಷಷ್ಠಿ ಒಳಗೆ ಬಂದ್ಲು. ಇಡೀ ಹಗಲು, ಇಡೀ ರಾತ್ರಿ ದುಡಿದ್ಲು. ನಾಳೆ ಗಂಟೆ ಹೊಡೆಯೋಕೆ ಮೊದ್ಲೇ ಹೊರಟುಹೋದ್ಲು. ಗಂಟೆ ಹೊಡೆದಾಗ ಗೇಟಲ್ಲಿ ಸಪ್ತಮಿ. ಈಗ ಹೇಳಿ, ಪುಸ್ತಕದಲ್ಲಿ ಯಾರ ಹೆಸರಿದೆ?"

"ಪಂಚಮಿ. ಸಪ್ತಮಿ."

"ದುಡಿದವರು ಯಾರು?"

ಹಾಜರಿಯಣ್ಣನ ಬಾಯಿ ತೆರೆದುಕೊಂಡಿತು. "ಷಷ್ಠಿ..." ಎಂದ. ಆಮೇಲೆ ಮುದ್ರಣಯಂತ್ರಗಳೂ ಬೆಚ್ಚುವಂತೆ ಕೂಗಿದ: "ಅಮ್ಮಾ! ಅವಳು ಟೆಂಪರರಿ! ನಮ್ಮವಳೇ!"

"ಹೂಂ, ಹಾಗೇ ಅನ್ನಿ."

"ಮತ್ತೆ ಎರಡು ದಿನ ಗಂಟೆ ಹೊಡೆದಾಗಲೂ ಒಬ್ಬಳೇ ಗೇಟಲ್ಲಿ ನಿಂತಿದ್ರೆ?"

"ಅದೂ ಆಗುತ್ತೆ. ಒಂದೇ ತಿಥಿಗೆ ಎರಡು ದಿನದ ಹಾಜರಿ."

"ಅದು ಯಜಮಾನ್ರ ಬಾಮೈದ," ಎಂದು ಹಾಜರಿಯಣ್ಣ ತಟ್ಟನೆ ಹೇಳಿದ. ಹನ್ನೊಂದು ವರ್ಷದಲ್ಲಿ ತಲೆಗೆ ಹತ್ತದಿದ್ದ ಜ್ಯೋತಿಶ್ಶಾಸ್ತ್ರ ಹತ್ತು ನಿಮಿಷದಲ್ಲಿ ಹತ್ತಿತ್ತು.

ಹೊರಡುವಾಗ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಒಂದೂವರೆಯಿಂದ ರಾಹುಕಾಲ. ಯಜಮಾನ್ರು ಅದನ್ನೇ ಹಿಡ್ಕೋತಾರೆ."

"ಅದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗೋ ಸೂರ್ಯನ ಲೆಕ್ಕ. ಹಗಲನ್ನ ಎಂಟು ಪಾಲು ಮಾಡಿ, ಗುರುವಾರ ಆರನೇ ಪಾಲು ರಾಹುಗೆ ಬಿಡ್ತಾರೆ. ಇವತ್ತಿನ ಸೂರ್ಯ ಹುಟ್ಟಿದ್ದೇ ಆರು ಇಪ್ಪತ್ನಾಲ್ಕಕ್ಕೆ, ಮುಳುಗೋದು ಆರು ಮೂವತ್ತಾರಕ್ಕೆ." ಅವಳು ಕರಡಿನ ಅಂಚಿನಲ್ಲಿ ಗುಣಿಸಿ ಚೂರು ಹರಿದು ಕೊಟ್ಟಳು. "ನಿಜವಾದ ರಾಹು ಬರೋದು ಎರಡು ಗಂಟೆ ಒಂದು ನಿಮಿಷಕ್ಕೆ."

ಹಾಜರಿಯಣ್ಣ ಕಾರ್ಖಾನೆ ಮುಟ್ಟಿದಾಗ ಒಂದು ನಲವತ್ತು. ಅಂಗಳದಲ್ಲಿ ಲಾರಿ ನಿಂತಿತ್ತು. ಮುನ್ನೂರು ಕೊಡೆಗಳಿಗೆ ಇನ್ನೂ ಹಿಡಿ ಕೂರಿಸಬೇಕು; ಎರಡೂವರೆಗೆ ಲಾರಿ ಹೊರಡದಿದ್ದರೆ ಸರಕು ರೈಲಿಗೆ ಸಿಗುವುದಿಲ್ಲ.

"ಯಜಮಾನ್ರೇ, ಷಷ್ಠಿ ಸಿಕ್ಕಿದ್ಲು!" ಅವನು ಏದುಸಿರು ಬಿಡುತ್ತ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟ. "ಬೆಳಿಗ್ಗೆ ಆರು ಐವತ್ತೆಂಟಕ್ಕೇ ಬಂದು ಇಲ್ಲೇ ಕೂತಿದ್ದಾಳೆ. ನೀವು ನಕ್ಕಿದ್ದೂ ಷಷ್ಠೀಲೇ, ನಾವು ಅತ್ತಿದ್ದೂ ಷಷ್ಠೀಲೇ!"

ಯಜಮಾನರು ಓದಿದರು. ಕನ್ನಡಕ ತೆಗೆದು ಓದಿದರು. ಹಾಕಿಕೊಂಡು ಓದಿದರು. ಆಮೇಲೆ ಗಡಿಯಾರ ನೋಡಿದರು, ಮುಖ ಅರಳಿತು. "ಷಷ್ಠಿ ಸರಿ ಕಣಯ್ಯಾ. ಆದ್ರೆ ಈಗ ರಾಹುಕಾಲ. ರಾಹುಕಾಲದಲ್ಲಿ ನಾನು ಕೈಯಾಡಿಸಲ್ಲ. ಮೂರಕ್ಕೆ ನಾನು ಊರಿಗೆ ಹೊರಡಬೇಕು. ಏನ್ಮಾಡೋದು, ಯೋಗ ಇಲ್ಲ."

ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿದಳು. "ಹೌದಾ? ನಮಗೆ ತಿಳೀದೆ ಹೋಯ್ತು ನೋಡಿ. ರಾಹು ನಿಮ್ಮ ಪೆನ್ನಿಗೆ ಆಗದಿದ್ರೆ ನಮ್ಮ ಸೂಜಿಗೂ ಆಗಲ್ಲ. ಏಳ್ರೇ ಎಲ್ಲಾ! ಮೂರರವರೆಗೆ ಕೈಯಾಡಿಸಬಾರದಂತೆ!"

"ಏಯ್, ರಾಹುಕಾಲ ಯಂತ್ರಕ್ಕಲ್ಲಮ್ಮಾ!"

"ಹಂಗಂತ ಯಾವ ಹಾಳೇಲಿದೆ ಯಜಮಾನ್ರೇ? ಸಣ್ಣ ಅಕ್ಷರದಲ್ಲಾ?"

ಯಂತ್ರಗಳು ನಿಂತವು. ಕಾರ್ಖಾನೆ ಮೌನವಾದಾಗ ಯಜಮಾನರಿಗೆ ಕೇಳಿಸಿದ್ದು ಎರಡೇ ಸದ್ದು: ಗಡಿಯಾರದ್ದು, ಲಾರಿಯ ಹಾರನ್ನಿನದು. ಹಿಡಿಯಿಲ್ಲದ ಮುನ್ನೂರು ಕೊಡೆಗಳು ಬಾಲ ಕತ್ತರಿಸಿದ ಕಾಗೆಗಳ ಹಾಗೆ ರಾಶಿಯಾಗಿ ಬಿದ್ದಿದ್ದವು.

ಯಜಮಾನರು ಒಮ್ಮೆ ರಾಶಿಯ ಕಡೆ, ಒಮ್ಮೆ ಡ್ರಾಯರಿನ ಕಡೆ ನೋಡಿದರು. ಆಮೇಲೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಮೆತ್ತಗೆ ಕೇಳಿದರು: "ಹಾಜರಿ... ಇದಕ್ಕೆ ಏನಾದ್ರೂ ಪರಿಹಾರ ಉಂಟಾ?"

ಹಾಜರಿಯಣ್ಣ ಜೇಬಿನಿಂದ ಕರಡಿನ ಚೂರು ತೆಗೆದ. "ನಿಜವಾದ ರಾಹು ಎರಡು ಗಂಟೆ ಒಂದಕ್ಕೆ. ಈಗ ಒಂದು ಐವತ್ತೆರಡು. ಒಂಬತ್ತು ನಿಮಿಷ ಇದೆ."

ಯಜಮಾನರ ಸಹಿ ಸಾಮಾನ್ಯದ್ದಲ್ಲ. ಆನೆಯ ಸೊಂಡಿಲಿನಿಂದ ಶುರುವಾಗಿ, ಮೂರು ಸುತ್ತು ಸುತ್ತಿ, ಕೆಳಗೆ ಎರಡು ಚುಕ್ಕಿಯೊಂದಿಗೆ ಮುಗಿಯುವಂಥದ್ದು. ಮೊದಲ ಐದು ಆದೇಶಗಳಲ್ಲಿ ಆನೆ ಪೂರ್ತಿ ಇತ್ತು. ಹತ್ತನೆಯದಕ್ಕೆ ಸುತ್ತು ಕಳಚಿತು. ದೊಡ್ಡಕ್ಕ ಹಾಳೆ ತಿರುಗಿಸುತ್ತಿದ್ದಳು, ಲಾರಿ ಡ್ರೈವರು ಕಿಟಕಿಯಲ್ಲಿ ತಲೆ ತೂರಿಸಿ ಗಟ್ಟಿಯಾಗಿ ಎಣಿಸುತ್ತಿದ್ದ: "ಇಪ್ಪತ್ತೆರಡು! ಎಳೀರಿ ಯಜಮಾನ್ರೇ, ಏರು ದಾರಿ ಮುಗೀತು!" ಮೂವತ್ತರ ಹೊತ್ತಿಗೆ ಆನೆ ಇಲಿಯಾಯಿತು. ನಲವತ್ತೊಂದಕ್ಕೆ ಬರೀ ಬಾಲ. ಹಾಜರಿ ಹಾಕುವವನ ಹೆಸರು ಪಟ್ಟಿಯ ಕೊನೆಯಲ್ಲಿತ್ತು. ದೊಡ್ಡಕ್ಕ ನಲವತ್ತೆರಡನೆಯ ಹಾಳೆ ತಿರುಗಿಸಿದಳು. ಯಜಮಾನರ ಪೆನ್ನು ಕಾಗದದ ಮೇಲೆ ಇಳಿಯುತ್ತಿತ್ತು.

ಆಗ ಗೋಡೆಯ ಗಡಿಯಾರವನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದ ಹಾಜರಿಯಣ್ಣ, ಹೊಸದಾಗಿ ಕಲಿತ ವಿದ್ಯೆಯ ಉತ್ಸಾಹದಲ್ಲಿ, ಸಭೆ ನಡುಗುವಂತೆ ಘೋಷಿಸಿದ:

"ಎರಡು ಗಂಟೆ ಒಂದು ನಿಮಿಷ! ರಾಹುಕಾಲ ಆರಂಭ!"

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿಗೆ ಬಿದ್ದಿತ್ತು.

ಪೆನ್ನು ಗಾಳಿಯಲ್ಲೇ ನಿಂತಿತು. ಯಜಮಾನರು ಕ್ಯಾಪು ಹಾಕಿ, ಬೆನ್ನು ಒರಗಿಸಿಕೊಂಡು, ಸಂತೃಪ್ತರಾಗಿ ಹೇಳಿದರು: "ಪಂಡಿತರ ಅಪ್ಪಣೆ. ಮೀರೋಕಾಗುತ್ತಾ? ನಿಂದು ಅಧಿಕ ಮಾಸ ಕಳೆದ ಮೇಲೆ ನೋಡೋಣ."

ತಾನು ಮಾಡಿದ್ದೇನೆಂದು ಹಾಜರಿಯಣ್ಣನಿಗೆ ಆಗ ಅರಿವಾಯಿತು. ಅವನ ಗಂಟಲಿನಿಂದ ಹೊರಟದ್ದು ನಲವತ್ತೊಂದನೆಯ ಸಹಿಯ ಬಾಲಕ್ಕಿಂತಲೂ ಸಣ್ಣ ಸದ್ದು.

"ಇವನ ಬಾಯಿಗೆ ಮೊದ್ಲು ಹಿಡಿ ಹಾಕಬೇಕು," ಎಂದು ದೊಡ್ಡಕ್ಕ ಹಣೆ ಚಚ್ಚಿಕೊಂಡಳು. ಆಮೇಲೆ ಯಜಮಾನರ ಮೇಜಿನ ಮುಂದೆಯೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಹಿಂದೆ ನಲವತ್ತು ಜನ ಕೂತರು.

"ಇದೇನಮ್ಮಾ? ನಿಮ್ಮದೆಲ್ಲ ಆಯ್ತಲ್ಲ!"

"ಆಯ್ತು ಯಜಮಾನ್ರೇ. ಈಗ ನಾವು ಕಾಯಂ. ಟೆಂಪರರಿಯೋರು ಕೂತ್ರೆ ಗೇಟಿನಾಚೆ ದಬ್ಬಬಹುದು. ಕಾಯಂನೋರು ಕೂತ್ರೆ ಎಬ್ಬಿಸೋಕೆ ಕಾಗದ ಬೇಕು, ಕಾರಣ ಬೇಕು, ಇನ್‌ಸ್ಪೆಕ್ಟರು ಬೇಕು. ನಮ್ಮ ಹಾಜರಿ ಹಾಕಿದೋನ ಹಾಜರಿ ಬೀಳೋವರೆಗೂ ಒಂದು ಕೊಡೆಗೂ ಹಿಡಿ ಇಲ್ಲ."

ಕಿಟಕಿಯಿಂದ ಡ್ರೈವರು ಸೇರಿಸಿದ: "ನಾನೂ ಟೆಂಪರರೀನೇ ಯಜಮಾನ್ರೇ, ಬೇಕಾದ್ರೆ ಕಾಯ್ತೀನಿ. ರೈಲು ಮಾತ್ರ ಕಾಯಂ. ಅದು ಹೊತ್ತಿಗೆ ಸರಿಯಾಗಿ ಹೊರಡುತ್ತೆ."

ಎರಡು ಗಂಟೆ ಎಂಟು ನಿಮಿಷಕ್ಕೆ, ಅಪ್ಪಟ ರಾಹುಕಾಲದಲ್ಲಿ, ಯಜಮಾನರು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದರು. ಸೂರು ಕುಸಿಯಲಿಲ್ಲ. ಮಸಿ ಚೆಲ್ಲಲಿಲ್ಲ. ಭೂಮಿ ನಡುಗಿತು, ನಿಜ. ಅದು ಯಂತ್ರಗಳು ಒಟ್ಟಿಗೆ ಶುರುವಾದದ್ದು. ಲಾರಿ ಎರಡು ಇಪ್ಪತ್ತೊಂಬತ್ತಕ್ಕೆ ಗೇಟು ದಾಟಿತು.

ಸಂಜೆ ಹೆಂಡತಿ ಬಾಗಿಲಲ್ಲೇ ತಡೆದಳು. "ಏನ್ರೀ, ಶುಕ್ರವಾರ ಅಂದಿದ್ರಲ್ಲ! ನಾನಿನ್ನೂ ಮನೇನೇ ಗುಡಿಸಿಲ್ಲ!"

"ಷಷ್ಠಿ ಒಂದು ದಿನ ಮೊದ್ಲೇ ಬಂದ್ಲು ಕಣೇ."

ಸುದ್ದಿ ಕೇಳಿ ಓಡಿಬಂದ ಬಾಮೈದ ಆದೇಶವನ್ನು ನೀರಿನ ಮೀಟರಿನ ಹಾಗೆ ಬಗ್ಗಿ ಬಗ್ಗಿ ಓದಿದ. ಸಹಿ, ಮೊಹರು, ತಾರೀಕು, ಎಲ್ಲ ಸರಿ ಇತ್ತು. ಆರು ವರ್ಷದ ತಮಾಷೆ ಕೈಬಿಟ್ಟು ಹೋಗುವ ಸಂಕಟ ಅವನ ಮುಖದಲ್ಲಿ ಕಂಡಿತು. ಆದರೆ ಅವನೂ ಸುಲಭಕ್ಕೆ ಬಗ್ಗುವವನಲ್ಲ.

"ರಾಹುಕಾಲದಲ್ಲಿ ಸಹಿ ಆಯ್ತಂತೆ? ಹಾಗಾದ್ರೆ ನೀವು ರಾಹು ಭಾವ."

"ಕಾಯಂ ರಾಹು," ಎಂದು ಹಾಜರಿಯಣ್ಣ ತಿದ್ದಿದ.

ಮರುದಿನ ಬೆಳಿಗ್ಗೆ ಎಂಟಕ್ಕೆ ಗಂಟೆ ಬಾರಿಸಿ, ಅವನು ಬಿಡಿ ಹಾಳೆಗಳನ್ನು ಬದಿಗೆ ಸರಿಸಿ, ಕೆಂಪು ರಟ್ಟಿನ ಪುಸ್ತಕ ತೆರೆದ. ಆದೇಶದ ತಾರೀಕು ಗುರುವಾರದ್ದಾದ್ದರಿಂದ ಹಾಜರಿಯೂ ಗುರುವಾರದಿಂದಲೇ ಬೀಳಬೇಕು. ಕಾವಲುಗಾರನಿಗೆ ಮನಸ್ಸಿನಲ್ಲೇ ಕೈಮುಗಿದು ಅವನ ಹೆಸರಿನ ಮೇಲೆ ಗೆರೆ ಎಳೆದ. ಅದರ ಕೆಳಗೆ ದೊಡ್ಡಕ್ಕನಿಂದ ಹಿಡಿದು ತನ್ನವರೆಗೆ ನಲವತ್ತೆರಡು ಹೆಸರು ಬರೆದು, ಒಂದೊಂದರ ಮುಂದೆಯೂ "ಹಾಜರು" ಎಂದು ಹಾಕಿದ. ಪುಟದಲ್ಲಿ ಒಂದು ಸಾಲು ಉಳಿಯಿತು.

ಹಾಜರಿಯಣ್ಣ ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಉಳಿದ ಆ ಸಾಲಿನಲ್ಲಿ, ಯಾರಿಗೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಬರೆದ:

ಷಷ್ಠಿ. ಹಾಜರು.